ಜೇಬಿನ ಲೆಕ್ಕ

ಒಂದು ಜೇಬು ಹೊಲಿದರೆ ಅಮ್ಮಿಗೆ ಎರಡು ರೂಪಾಯಿ.
ಕೌಲ್ ಬಜಾರಿನ ಈ ಓಣಿಯಲ್ಲಿ
ನಾನು ಎಲ್ಲವನ್ನೂ ಅದರಲ್ಲೇ ಅಳೆಯುತ್ತೇನೆ.

ಫಿಸಿಯೋಥೆರಪಿಗೆ ಎರಡು ಲಕ್ಷ ಜೇಬು,
ಬ್ಯಾಂಕಿನ ಬಡ್ಡಿ ಬೇರೆ.
ಲ್ಯಾಬಿನ ಡಿಪ್ಲೊಮಾಕ್ಕೆ ಮೂವತ್ತು ಸಾವಿರ.
ಸೀಮೆಸುಣ್ಣದಲ್ಲಿ ಜೀನ್ಸ್ ಬಟ್ಟೆಯ ಮೇಲೇ ಬರೆದೆ,
ಕೈಗೆ ಕಾಗದ ಸಿಗಲಿಲ್ಲ.

ಕಾಲೇಜಿನ ಪಾಂಪ್ಲೆಟಿನಲ್ಲಿ ಒಬ್ಬಳು ನಗುತ್ತಾಳೆ:
‘ತಿಂಗಳಿಗೆ ಮೂವತ್ತೈದು ಸಾವಿರ!’
ತೋರಣಗಲ್ಲಿನವಳು, ಹೆಸರು ಹುಲಿಗೆಮ್ಮ.
ನಂಬರು ಹುಡುಕಿ ಫೋನು ಹಚ್ಚಿದೆ.
‘ಆ ಫೋಟೋ ತೆಗೆದಾಗ ನಂಗಿನ್ನೂ ಕೆಲಸಾನೇ ಇರ್ಲಿಲ್ಲವ್ವ.
ಈಗ ಹದಿನಾಲ್ಕು ಬರ್ತೈತಿ, ಕಂತು ಆರೂವರೆ.’
ಸುಮ್ಮನಾದಳು. ಫೋನು ಇಡಲಿಲ್ಲ.
‘ಮೊನ್ನೆ ಒಬ್ಬ ಮುದುಕ ಗೋಡೆ ಬಿಟ್ಟು
ನಾಕು ಹೆಜ್ಜಿ ನಡೆದ. ನನಗ ಬೈಕೋತ ನಡೆದ.
ಅದನ್ನೂ ಬರ್ಕೋ.’

ಎಲ್ಲಿ ಬರೆಯಲಿ?
ಹದಿನಾಲ್ಕರಲ್ಲಿ ಆರೂವರೆ ಕಳೆದೆ.
ಬಾಡಿಗೆ ಕಳೆದೆ. ಬಾಡಿಗೆಯ ಪಕ್ಕ ಮುದುಕನನ್ನು
ಒಂದು ಗೀಟಾಗಿ ಎಳೆದೆ.

ಅಮ್ಮಿ ಕತ್ತು ಹೊರಳಿಸಿದಳು, ಲಟಕ್ಕೆಂದಿತು.
‘ಮುಗೀತಾ ನಿಂದು? ಸೇಠು ಸಂಜೆಗೆ ಮಾಲು ಕೇಳ್ಯಾನ.’
ನನ್ನ ಲೆಕ್ಕದ ಮೇಲೇ ಕತ್ತರಿ ಆಡಿಸಿದಳು.
ಮೂರು ಸೊನ್ನೆ ಒಂದು ಜೇಬಿಗೆ ಹೋದವು,
ಮುದುಕ ಇನ್ನೊಂದಕ್ಕೆ.