ತಡಮಾಡದೆ

ವೈಪರಿಗೆ ಸಿಕ್ಕಿಸಿದ್ದ ಕಿತ್ತಳೆ ಲಕೋಟೆ
ಒಂದು ಮೂಲೆಯಲ್ಲಿ ಆಗಲೇ ನೆನೆದಿತ್ತು.
ನೂರಾ ಹದಿನೈದು ಡಾಲರು.
ಬ್ರಾಂಕ್ಸ್, ಗುರುವಾರ, ಬೆಳಗಿನ ಎಂಟು ಹದಿನಾಲ್ಕು,
ಬಸ್ಸಿನ ಜಾಗ, ಬೂದು ಟೊಯೋಟ,
‘ಒಳಗೆ ಯಾರೂ ಇಲ್ಲ.’

ಇರಲಿಲ್ಲ, ನಿಜ.
ಮಿಸೆಸ್ ಟೈಟಲ್‌ಬಾಮ್‌ರ ಮೊಣಕೈ ಹಿಡಿದು
ಡಯಾಲಿಸಿಸ್ ಕೇಂದ್ರದ ಬಾಗಿಲಿಗಿರುವ ನಲವತ್ತು ಹೆಜ್ಜೆಯಲ್ಲಿ
ನಾನು ಇಪ್ಪತ್ತಾರನೆಯದರಲ್ಲಿದ್ದೆ.

ಕಟ್ಟಡದ ಬಾಯ್ಲರು, ಕೊಳಾಯಿ, ಇಲಿ, ಬೀಗ
ನೋಡಿಕೊಳ್ಳುವವನು ನಾನು. ಹೆಸರು ಪ್ಯಾಶ್ಕ್.
ಬೆಟ್ಟದಿಂದ ಬಂದವನು, ಕಾನೂನು ಓದುವ ಚಾಳಿಯಿಲ್ಲ.
ಆ ರಾತ್ರಿ ನೆಲಮಾಳಿಗೆಯ ಬಿಸಿಯಲ್ಲಿ
ಮಗಳು ದ್ರಾನ ಫೋನು ಹಿಡಿದು ಓದಿ ಹೇಳಿದಳು:
ನಿಲ್ಲಿಸುವುದು ಬೇರೆ,
ನಿಂತಿರುವುದು ಬೇರೆ,
ನಿಲ್ಲಿಸಿಟ್ಟು ಹೋಗುವುದು ಇನ್ನೂ ಬೇರೆ.
ಒಂದೇ ಕಾರು, ಒಂದೇ ಬ್ರೇಕು, ಮೂರು ತಪ್ಪು!
ಬಸ್ಸಿನ ಜಾಗದಲ್ಲಿ ಜನರನ್ನು ಇಳಿಸಬಹುದಂತೆ,
ತಡಮಾಡದೆ.

‘ತಡಮಾಡದೆ ಅಂದರೆ ಎಷ್ಟು ನಿಮಿಷ?’
‘ಬರೆದಿಲ್ಲ ಅಪ್ಪಾ.’
ಬಾಯ್ಲರು ಒಮ್ಮೆ ಕೆಮ್ಮಿತು.

ಮರುದಿನ ಅಳತೆ ಟೇಪು ಹಿಡಿದು ಹೋದೆ.
ಫಲಕದ ಫೋಟೊ ತೆಗೆದೆ, ಮುಂದಿನಿಂದ, ಹಿಂದಿನಿಂದ,
ಮರದ ಮರೆಯಲ್ಲಿ ಕಾಣುವುದಿಲ್ಲ ಅಂತ ತೋರಿಸಲು ಮರದ ಹಿಂದಿನಿಂದ.
ಫೆಬ್ರವರಿಯ ಮರ. ಒಂದೆಲೆಯೂ ಇಲ್ಲ.
ಫಲಕ ನಿಚ್ಚಳವಾಗಿ ಕಂಡಿತು.

ವಿಚಾರಣೆಯ ಕೋಣೆಗೆ ಕಿಟಕಿಯಿಲ್ಲ.
ನನ್ನ ಮುಂದೆ ಮೀನಿನ ವ್ಯಾನಿನವನು,
ಅವನ ಮುಂದೆ ಮದುಮಗಳನ್ನು ಇಳಿಸಿದವನು.
ಎಲ್ಲರ ಬಾಯಲ್ಲೂ ಅದೇ ಎರಡು ನಿಮಿಷ,
ಸವೆದ ನಾಣ್ಯದ ಹಾಗೆ ಕೈಯಿಂದ ಕೈಗೆ.

ನಾನು ಬೇರೆಯದನ್ನೇ ಮಡಿಸಿಟ್ಟುಕೊಂಡಿದ್ದೆ:
ಮೇಡಂ, ಯಾರ ಕಾಲಿನ ತಡ?
ಆಕೆಗೆ ಎಂಬತ್ತೊಂಬತ್ತು.
ಹೆಜ್ಜೆಗೊಂದು ಉಸಿರು,
ಕೆಲವು ಹೆಜ್ಜೆಗೆ ಎರಡು.
ಆಕೆ ಓಡಿದರೂ ಅಷ್ಟೇ,
ಹನ್ನೊಂದು ನಿಮಿಷ.

‘ಮೇಡಂ, ಯಾರ...’ ಅನ್ನುವಷ್ಟರಲ್ಲಿ
ಆಕೆ ಕೈಯೆತ್ತಿದಳು.
ತಲೆಯ ಮೇಲಿದ್ದ ಕನ್ನಡಕ ಮೂಗಿಗಿಳಿಯಿತು.
‘ನಿಮ್ಮ ನಂಬರ್ ಪ್ಲೇಟಿನಲ್ಲಿ ಬಿ ಇದೆ.
ಇವರು ಎಂಟು ಅಂತ ಬರೆದಿದ್ದಾರೆ.
ವಜಾ. ಮುಂದಿನವರು.’

ಗೆದ್ದೆ.
ಗುಮಾಸ್ತನ ಬೆರಳು ಜಾರಿದ್ದಕ್ಕೆ ಗೆದ್ದೆ.
ಮೆಟ್ಟಿಲಿಳಿಯುವಾಗ ಆ ಮಾತು
ಒಡೆಯದ ಕಡಲೆಯಂತೆ ಹಲ್ಲಿನ ಸಂದಿಯಲ್ಲೇ ಇತ್ತು.

‘ಗೆದ್ದೆವಾ?’ ಎಂದರು ಮಿಸೆಸ್ ಟೈಟಲ್‌ಬಾಮ್, ಬಾಗಿಲ ಸರಪಣಿ ತೆಗೆಯದೆ.
‘ಗೆದ್ದೆವು.’
‘ನಾನು ಎಷ್ಟು ನಿಧಾನ ಅಂತ ಅಲ್ಲಿ ಹೇಳಿದೆಯಾ?’
‘ಹೇಳಲು ಬಿಡಲಿಲ್ಲ.’
‘ಒಳ್ಳೆಯದಾಯಿತು ಬಿಡು.’

ಇನ್ನೊಂದಿತ್ತು. ಅದನ್ನು ಯಾರೂ ಕೇಳಲಿಲ್ಲ,
ನಾನೂ ಹೇಳಲಿಲ್ಲ.
ಇಪ್ಪತ್ತಾರನೆಯ ಹೆಜ್ಜೆಯಲ್ಲಿ ಬೆನ್ನ ಹಿಂದೆ ಹಾರ್ನು.
ತಿರುಗಿ ನೋಡಿದೆ.
ತನ್ನ ಜಾಗ ಸಿಗದ ಬಸ್ಸು ನಡುರಸ್ತೆಯಲ್ಲಿ ಬಾಗಿಲು ತೆರೆದಿತ್ತು.
ಊರುಗೋಲಿನ ಒಬ್ಬ ಕೆಸರುಹಿಮಕ್ಕೆ ಕಾಲಿಟ್ಟು,
ತೂರಾಡಿ,
ನನ್ನ ಡಿಕ್ಕಿಗೆ ಅಂಗೈ ಊರಿ ಕಾಲುದಾರಿ ಹತ್ತಿದ.
ನನ್ನ ಕೈಯಲ್ಲಿ ಮೊಣಕೈಯಿತ್ತು. ಬಿಡುವ ಹಾಗಿರಲಿಲ್ಲ.

ರಸ್ತೆಯುಪ್ಪು ಹಿಡಿದು ಬೆಳ್ಳಗಾಗಿದ್ದ ಡಿಕ್ಕಿಯ ಮೇಲೆ
ಐದು ಬೆರಳು ಮೂಡಿದ್ದವು.
ಫೋಟೊ ತೆಗೆಯಲಿಲ್ಲ.
ಮುಂದಿನ ಮಳೆಯವರೆಗೆ ತೊಳೆಯಲೂ ಇಲ್ಲ.

ಈ ಗುರುವಾರ ಮೂಲೆ ತಿರುಗಿ ನಿಲ್ಲಿಸಿದೆ.
ನೂರಾ ಹನ್ನೆರಡು ಹೆಜ್ಜೆ.
ಅರ್ಧ ಗಂಟೆ ಮುಂಚೆ ಹೊರಟಿದ್ದಕ್ಕೆ ದಾರಿಯುದ್ದ ಬೈಗುಳ, ಯಿದ್ದಿಷಿನಲ್ಲಿ.
ಐವತ್ತರ ಹತ್ತಿರ ಆಕೆ ಲೈಟುಕಂಬ ಹಿಡಿದು ನಿಂತರು.
ನಾನೂ ನಿಂತೆ.
ಬಸ್ಸು ಬಂತು, ಕಾಲುದಾರಿಯ ಅಂಚಿಗೆ ಒತ್ತಿ ನಿಂತಿತು,
ಮಂಡಿಯೂರಿದ ಹಾಗೆ ಒಂದು ಬದಿ ತಗ್ಗಿತು,
ಯಾರನ್ನೋ ಇಳಿಸಿ ಹೊರಟಿತು.
ನಾವು ಇನ್ನೂ ಐವತ್ತರಲ್ಲೇ ಇದ್ದೆವು.