ಬಿಚ್ಚಣಿಕೆ

ಶಿಡ್ಲಘಟ್ಟದ ಡಿಪ್ಲೊಮಾ ಕ್ಲಾಸಿನಲ್ಲಿ ಕರೆಂಟು ಹೋದ ಮಧ್ಯಾಹ್ನ
ಬೋರ್ಡಿನ ಎಡಕ್ಕೆ ಒಂದೇ ಉದ್ದನೆಯ ಅಪ್ಪಣೆ ಬರೆದೆ:
ಇಲ್ಲಿರುವುದನ್ನು ಒಯ್ದು ಅಲ್ಲಿರುವುದಕ್ಕೆ ಕೂಡಿಸಿ ಅಲ್ಲೇ ಇಟ್ಟು ಬಾ.
ಬಲಕ್ಕೆ ನಾಲ್ಕು ಗಿಡ್ಡ ಸಾಲು, ಒಂದೇ ಅಚ್ಚಿನ ಇಟ್ಟಿಗೆ:
ತಾ.
ತಾ.
ಕೂಡು.
ಇಡು.

ಎರಡಕ್ಕೂ ಉತ್ತರ ಒಂದೇ, ಎಂದೆ.
ಕಿಟಕಿಯಿಂದ ಬೆಂದ ಹುಳದ ವಾಸನೆ ಒಳಗೆ ಬಂದು ಕೂತಿತ್ತು.
ಹಿಂದಿನ ಬೆಂಚಿನ ತರನ್ನುಮ್ ಕೈ ಎತ್ತಲಿಲ್ಲ, ಸುಮ್ಮನೆ ಹೇಳಿದಳು:
"ಮೇಡಂ, ಇದು ನಮ್ಮ ಮನೇಲಿದೆ."

ಅವಳ ತಾತ ಪೀರಾನ್ ಸಾಬರಿಗೆ
ಯಜಮಾನರು ಹೇಳುತ್ತಿದ್ದದ್ದು ಒಂದೇ ಮಾತು: ಬಿಚ್ಚು.
ಅಷ್ಟೇ.
ಗೂಡು ಬೇಯಿಸುವುದು, ಎಳೆಯ ತುದಿ ಹುಡುಕುವುದು,
ಎಂಟು ಎಳೆ ಸೇರಿಸಿ ಕಣ್ಣಿಗೆ ಪೋಣಿಸುವುದು,
ತುಂಡಾದರೆ ನೀರಲ್ಲೇ ಬೆರಳಾಡಿಸಿ ಹೊಸೆಯುವುದು,
ಎಲ್ಲ ಆ ಒಂದು ಮಾತಿನ ಹೊಟ್ಟೆಯೊಳಗೆ.
ಮಾತು ಅಗ್ಗ, ಮನುಷ್ಯ ದುಬಾರಿ.
ಅವರಿಗೆ ಜ್ವರ ಬಂದ ದಿನ ಚರಕ ತಿರುಗಲಿಲ್ಲ.

ಅಮ್ಮ ಗುಲ್ನಾರ್ ಈಗ ಇಟ್ಟುಕೊಂಡಿರುವುದು ನಾಲ್ವರು ಹುಡುಗಿಯರನ್ನು.
ಒಬ್ಬಳು ಬೇಯಿಸುತ್ತಾಳೆ. ಬರೀ ಬೇಯಿಸುತ್ತಾಳೆ.
ಒಬ್ಬಳು ತುದಿ ಹುಡುಕಿ ಪಕ್ಕಕ್ಕೆ ದಾಟಿಸುತ್ತಾಳೆ.
ಗೋದಾಮಿಗೆ ಹೋಗಿಬರುವವಳು ಒಬ್ಬಳೇ,
ಮಿಕ್ಕವರ ಕೈ ಮುಂದಿನ ಬಟ್ಟಲು ಬಿಟ್ಟು ಆಚೆ ಚಾಚುವಂತಿಲ್ಲ.
ಮೊದಲ ಬುಟ್ಟಿ ರಾಟೆಗೆ ಏರುವಾಗ
ಎರಡನೆಯದು ಎಳೆ ಬಿಡುತ್ತಿರುತ್ತೆ,
ಮೂರನೆಯದು ಕುದಿಯುತ್ತಿರುತ್ತೆ.
ಹೇಳಬೇಕಾದ ಮಾತು ಮಾತ್ರ ಜಾಸ್ತಿ:
ತಾ, ಹಾಕು, ತೆಗಿ, ಕೊಡು, ಮತ್ತೆ ತಾ.
ಸಂಜೆಗೆ ಅಮ್ಮನ ಗಂಟಲು ಕಟ್ಟಿರುತ್ತೆ.

"ನಡುವೆ ಒಬ್ಬಳು ತಡವರಿಸಿದರೆ?"
ಕೇಳಿದೆ, ಪಾಠ ಹೇಳುವವರ ಚಟ.
"ಹಿಂದಿನವರೆಲ್ಲ ಕೈಕಟ್ಟಿ ನಿಲ್ಲಬೇಕು ಮೇಡಂ.
ಬಿಸಿನೀರು ಸುಮ್ಮನೆ ಆರುತ್ತೆ."

ಯಾವುದು ಮೇಲು ಅಂತ ಕೇಳಬೇಕಿತ್ತು ನಾನು,
ಹತ್ತು ಅಂಕದ ಪ್ರಶ್ನೆ, ಪ್ರತಿ ವರ್ಷ ಬರುತ್ತೆ.
ಅಷ್ಟರಲ್ಲಿ ಅವಳೇ, ಪೆನ್ನಿನ ಮುಚ್ಚಳ ಕಚ್ಚುತ್ತ:
"ಬೇಯಿಸೋಳಿಗೆ ಈಗ ತೂಕ ಹಾಕೋದೂ ಕಲಿಸಿದಾರೆ ಅಮ್ಮ.
ಆಮೇಲೆ, ಮೇಡಂ,
ತಾತನ ಕೈ ಒಂದ್ಸಲ ಮೊಬೈಲಲ್ಲಿ ಹಿಡಿದಿದ್ದೆ.
ನಿಧಾನಕ್ಕೆ, ತೀರಾ ನಿಧಾನಕ್ಕೆ ಓಡಿಸಿ ನೋಡಿದೆ.
ಆ ಕೈಯೊಳಗೂ ನಾಲ್ವರು ಹುಡುಗೀರೇ ಇದ್ರು."

ಫ್ಯಾನು ಗರಗರ ಎಂದಿತು. ಕರೆಂಟು ಬಂದಿತ್ತು.
ಆದರೂ ಬೋರ್ಡಿನ ನಡುವೆ ಗೆರೆ ಎಳೆದೆ.
ಪರೀಕ್ಷೆಗೆ ಎರಡು ಕಾಲಂ ಬೇಕು.