ತಲೆ ಬಗ್ಗಿಸಿ ಬನ್ನಿ

ತಲೆ ಬಗ್ಗಿಸಿ ಬನ್ನಿ.
ಮುನ್ನೂರು ವರ್ಷದಿಂದ ಈ ತೊಲೆ
ಉದ್ದ ಮನುಷ್ಯರ ಹಣೆಬರಹ ಓದಿಕೊಂಡು ನಿಂತಿದೆ.
ಮೊದಲ ಏಟು ತಿಂದವರಿಗೆ ಅರ್ಧ ಪೈಂಟ್ ಪುಕ್ಕಟೆ.
ಬೂಟು ಅಲ್ಲೇ ಬಿಡಿ. ಫೆನ್ ಸೀಮೆಯ ಮಣ್ಣು, ಕಾಡಿಗೆಯಂಥದು;
ಕಾರ್ಪೆಟ್ಟಿಗೆ ಹತ್ತಿದರೆ ನನ್ನ ಜೀವ ತಿನ್ನುತ್ತದೆ.

ಡಾರ್ಬಿಯವರಲ್ಲವೆ? ಎರಡು ರಾತ್ರಿ, ನಾಲ್ಕನೇ ಕೋಣೆ.
ಮೊನ್ನೆ ಒಂದು ಪಬ್ಬಲ್ಲಿ ತಲೆಯಿಲ್ಲದ ಪಾದ್ರಿ,
ನಿನ್ನೆ ಗಿರಣಿ ಪಕ್ಕದಲ್ಲಿ ಕುದುರೆ ಗೊರಸಿನ ಸಪ್ಪಳ,
ಯಾರೂ ಕಣ್ಣಿಗೆ ಬೀಳಲಿಲ್ಲ ಅಂತೀರಿ.
ಏನು ಮಾಡುವುದು, ಅಕ್ಟೋಬರಿನಲ್ಲಿ
ಅವಕ್ಕೂ ಕೈತುಂಬ ಕೆಲಸ.

ನಮ್ಮಲ್ಲಿರುವವನು ಜೇಬೆಜ್ ಕೀಲ್, ಈಲು ಮೀನು ಹಿಡಿಯುವವ.
ಏರಿ ಒಡೆದ ರಾತ್ರಿ
ಬುಟ್ಟಿಯ ಆಸೆ ಬಿಡಲಾರದೆ ಮುಳುಗಿದನಂತೆ.
ಅವನ ಒದ್ದೆ ಹೆಜ್ಜೆ ಆರು ಮೆಟ್ಟಿಲು ಹತ್ತುತ್ತದೆ,
ಇಳಿದದ್ದನ್ನು ಯಾರೂ ಕಂಡಿಲ್ಲ.

ಕಪಾಟಿನ ಲೋಟ ನಡುಗಿದರೆ ಮಾತ್ರ ಕೂಗಿಕೊಳ್ಳಬೇಡಿ.
ನಸುಕಿನ ನಾಲ್ಕಕ್ಕೆ ಸಕ್ಕರೆ ಬೀಟಿನ ಲಾರಿಗಳು
ಕಾರ್ಖಾನೆಗೆ ಸಾಲು ಹೋಗುತ್ತವೆ.
ನಿಮ್ಮ ಆ ಕೈಯಂತ್ರ ಕೆಂಪಗೆ ಮಿನುಗುತ್ತಿದೆಯಲ್ಲ,
ಗೋಡೆಯ ಹಿಂದಿರುವುದು ನನ್ನ ಫ್ರೀಜರು.
ಇನ್ನು ಗಾಳಿ.
ಇಲ್ಲಿ ಹೆಸರಿಗೊಂದು ಗುಡ್ಡವಿಲ್ಲ,
ಸಮುದ್ರದಿಂದ ನೆಟ್ಟಗೆ ನಡೆದು ಬರುತ್ತದೆ,
ಕದ ತಟ್ಟುತ್ತದೆ, ಕಾಸು ಬಿಚ್ಚದೆ ಹೋಗುತ್ತದೆ.
ಗಾಳಿ ಹಿಡಿಯದವರು ಈ ಊರಲ್ಲಿ ಯಾರೂ ಇಲ್ಲ.

ನಿಜ ಹೇಳಲೆ? ಬಾಡಿಗೆ ವಾಪಸು ಕೇಳಬಾರದು.
ಜೇಬೆಜನನ್ನು ಹಡೆದವನು ನನ್ನ ಮಾವ.
ಎಪ್ಪತ್ತನಾಲ್ಕರ ಚಳಿ, ವಾರಕ್ಕೆ ಮೂರು ದಿನ ಕರೆಂಟು,
ಬೆಂಚಿನ ಮೇಲೆ ಬೆಕ್ಕು ಬಿಟ್ಟರೆ ಗಿರಾಕಿಯಿಲ್ಲ.
ಮೆಟ್ಟಿಲಿಗೆ ನೀರು ಚಿಮುಕಿಸಿ
ಪತ್ರಿಕೆಯವನಿಗೆ ಎರಡು ವಿಸ್ಕಿ ಕುಡಿಸಿದ.
ಮಾವ ಹೋದ ಮೇಲೆ ಗಂಡ ಚಿಮುಕಿಸಿದ.
ಈಗ ನಾನು, ಇಸ್ತ್ರಿಗೆ ಹೊಡೆಯುವ ಸೀಸೆಯಿಂದ.
ಆರೇ ಮೆಟ್ಟಿಲು ಯಾಕೆ ಅಂದಿರಾ?
ಏಳನೆಯದಕ್ಕೆ ಮಂಡಿ ಬಗ್ಗುವುದಿಲ್ಲ.

ನಗಬೇಡಿ. ನಕ್ಕರೂ ಸರಿ.

ಸತ್ತವರನ್ನೇ ಕೇಳುವುದಾದರೆ
ಆ ಕಿಟಕಿ ಮೂಲೆ ನೋಡಿ, ಮೆತ್ತೆಯಲ್ಲೊಂದು ತಗ್ಗು.
ಸಿರಿಲ್ ಗೊಟೊಬೆಡ್, ನೀರೆತ್ತುವ ಪಂಪಿನ ಕಾವಲಿನವ,
ನಲವತ್ತು ವರ್ಷ ಈ ಊರು ಮುಳುಗದಂತೆ ನೋಡಿಕೊಂಡ.
ಅದು ಅವನ ನಿಜವಾದ ಹೆಸರು, ಇಲ್ಲಿಯ ಹಳೆ ಮನೆತನ.
‘ಹೋಗಿ ಮಲಗು’ ಅಂತ ಅರ್ಥ.
ಹನ್ನೊಂದಕ್ಕೆ ಗಂಟೆ ಹೊಡೆದು ನಾನು ಹೆಸರು ಹಿಡಿದು ಕೂಗಿದರೆ ಸಾಕು,
ಟೊಪ್ಪಿಗೆ ತೊಟ್ಟು ಎದ್ದುಬಿಡುತ್ತಿದ್ದ.
ಮಾರ್ಚಿಯಲ್ಲಿ ಕರೆಯದೆಯೇ ಹೋಗಿ ಮಲಗಿದ.

ಅವನು ಬರುವುದಿಲ್ಲ.
ಈಗಲೂ ಹನ್ನೊಂದಕ್ಕೆ ಗಂಟೆ ಹೊಡೆಯುತ್ತೇನೆ,
ಖಾಲಿ ಮೂಲೆಗೆ ಹೆಸರು ಕೂಗುತ್ತೇನೆ.
ಲೋಟ ಅಲುಗಲಿಲ್ಲ, ದೀಪ ಕಣ್ಣು ಪಿಳುಕಿಸಲಿಲ್ಲ.
ಹುಟ್ಟದೇ ಇದ್ದವನು ವಾರಕ್ಕೆ ಮೂರು ಸಲ ಕಾಣಿಸಿಕೊಳ್ಳುತ್ತಾನೆ,
ಇದ್ದವನಿಗೆ ಬಿಗುಮಾನ.
ಇಪ್ಪತ್ತೆರಡು ಪೌಂಡು ಸಾಲ ಉಳಿಸಿ ಹೋಗಿದ್ದಾನೆ,
ಮರ್ಯಾದಸ್ತ, ಅದಕ್ಕಾದರೂ ಬರಬೇಕಿತ್ತು.

ಇರಲಿ, ತಗೊಳ್ಳಿ ಕೀಲಿ. ತಿಂಡಿ ಎಂಟಕ್ಕೆ.
ರಾತ್ರಿ ಮೆಟ್ಟಿಲ ಮೇಲೆ ಒದ್ದೆ ಹೆಜ್ಜೆ ಕಂಡರೆ
ಫೋಟೋ ತೆಗೆದುಕೊಳ್ಳಿ, ನನ್ನನ್ನು ಎಬ್ಬಿಸಬೇಡಿ.
ಒಣ ಹೆಜ್ಜೆಯ ಸದ್ದಾದರೆ,
ಎಡಗಾಲು ಒಂಚೂರು ಎಳೆದಂತೆ ಕೇಳಿಸಿದರೆ,
ಎಷ್ಟು ಹೊತ್ತಾಗಿದ್ದರೂ ಸರಿ, ಬಾಗಿಲು ಬಡಿಯಿರಿ.
ಲೆಕ್ಕದ ಪುಸ್ತಕ
ನನ್ನ ತಲೆದಿಂಬಿನ ಪಕ್ಕದಲ್ಲೇ ಇದೆ.